ತಾಲ್ಲೂಕು ಆಸ್ಪತ್ರೆಗೆ ಹೋಗುವವರಿಗೆ: ಚೀಟಿ ಬರೆಸುವುದರಿಂದ ಡಿಸ್ಚಾರ್ಜ್‌ವರೆಗೆ

ಮಂಡ್ಯ ಕಡೆ ನಮ್ಮದೊಂದು ರೂಢಿ ಇದೆ. ಜ್ವರ ಬಂದರೆ ಮೆಡಿಕಲ್ ಸ್ಟೋರಿನ ಮಾತ್ರೆ. ಅದಕ್ಕೆ ಬಗ್ಗದಿದ್ದರೆ ಊರಿನ ಕ್ಲಿನಿಕ್. ಅಲ್ಲೂ ವಾಸಿ ಆಗದಿದ್ದರೆ ಸೀದಾ ಮೈಸೂರಿನ ದೊಡ್ಡಾಸ್ಪತ್ರೆ. ನಡುವೆ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಯಾವುದೂ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಬಸ್ಸು ಹಿಡಿದು, ಮೈಸೂರಿನಲ್ಲಿ ಅರ್ಧ ದಿನ ಸಾಲು ನಿಂತು, ಕೊನೆಗೆ ಬಿಪಿ ಮಾತ್ರೆ ತೆಗೆದುಕೊಂಡು ಬರುವವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಅದೇ ಮಾತ್ರೆ ಅವರ ಹೋಬಳಿಯಲ್ಲೇ ಸಿಗುತ್ತಿತ್ತು, ಅದೂ ಪುಕ್ಕಟೆ.

ಹತ್ತಿರದ ಆಸ್ಪತ್ರೆಯಲ್ಲಿ ಆಗುವ ಕೆಲಸವನ್ನು ಅಲ್ಲೇ ಮುಗಿಸಿಕೊಳ್ಳಿ. ಆಗದ್ದಕ್ಕೆ ಅಲ್ಲಿಂದಲೇ ಸರಿಯಾದ ಕಾಗದ ಬರೆಸಿಕೊಂಡು ಮುಂದೆ ಹೋಗಿ. ಇದನ್ನು ಹೇಗೆ ಮಾಡುವುದು ಅಂತ ಮುಂದೆ ಬರೆದಿದ್ದೇನೆ.

ಯಾವ ಆಸ್ಪತ್ರೆಗೆ ಹೋಗಬೇಕು?

ಸರ್ಕಾರಿ ಲೆಕ್ಕದಲ್ಲಿ ಬಯಲು ಸೀಮೆಯ ಸುಮಾರು 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಕ್ಕೆ 30 ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ. ಅದರ ಮೇಲೆ ತಾಲ್ಲೂಕು ಆಸ್ಪತ್ರೆ. ಮದ್ದೂರು, ಮಳವಳ್ಳಿ, ನಾಗಮಂಗಲ, ಕೆ.ಆರ್.ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಎಲ್ಲ ಕಡೆ ಇದೆ. ಮಂಡ್ಯ ಪಟ್ಟಣದವರಿಗೆ ಮಿಮ್ಸ್ ಇದೆ. ಅದು ಮೆಡಿಕಲ್ ಕಾಲೇಜಿನ ಆಸ್ಪತ್ರೆ.

ಜ್ವರ, ನೆಗಡಿ, ಭೇದಿ, ಗಾಯಕ್ಕೆ ಡ್ರೆಸ್ಸಿಂಗ್, ಮಕ್ಕಳ ಲಸಿಕೆ, ಬಿಪಿ-ಶುಗರ್ ಮಾತ್ರೆ, ಬಸುರಿಯರ ತಪಾಸಣೆ, ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ: ಇಷ್ಟಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಎಕ್ಸ್‌ರೇ, ಇಸಿಜಿ, ಹೆರಿಗೆ, ಸಿಸೇರಿಯನ್, ಮೂಳೆ ಮುರಿತ, ಹಲ್ಲು, ಕಣ್ಣು, ಹರ್ನಿಯಾ ಥರದ ಆಪರೇಷನ್, ಡಯಾಲಿಸಿಸ್ ಇವಕ್ಕೆ ತಾಲ್ಲೂಕು ಆಸ್ಪತ್ರೆ. ಎಲ್ಲ ತಾಲ್ಲೂಕಿನಲ್ಲೂ ಎಲ್ಲ ತಜ್ಞರೂ ಇರುತ್ತಾರೆ ಅಂದುಕೊಳ್ಳಬೇಡಿ. ಇಂಥ ಡಾಕ್ಟರು ಇಂಥ ದಿನ ಅಂತ ಬೋರ್ಡ್ ಹಾಕಿರುತ್ತಾರೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಬೋರ್ಡಿಗಿಂತ ಸರಿಯಾಗಿ ಹೇಳುತ್ತಾರೆ.

ಮೈಸೂರಿಗೇ ಹೋಗಬೇಕಾಗಿ ಬಂದರೆ ಎಲ್ಲಿಗೆ ಅನ್ನುವುದು ಮೊದಲೇ ಗೊತ್ತಿರಲಿ. ದೊಡ್ಡಾಸ್ಪತ್ರೆ ಅಂದರೆ ಕೆ.ಆರ್. ಆಸ್ಪತ್ರೆ. 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು. ಅದರ ಪಕ್ಕದಲ್ಲೇ ಹೆಂಗಸರು-ಮಕ್ಕಳಿಗೆ ಚೆಲುವಾಂಬ ಆಸ್ಪತ್ರೆ. ಮಂಡ್ಯದಿಂದ ರೈಲಿನಲ್ಲಿ ಹೋದರೆ ಎರಡೂ ಹತ್ತಿರ. ಆದರೆ ಹೃದಯಕ್ಕೆ ಜಯದೇವ, ಶ್ವಾಸಕೋಶಕ್ಕೆ ಪಿಕೆಟಿಬಿ, ಅಪಘಾತದ ಟ್ರಾಮಾ ಕೇರ್ ಮೂರೂ ಕೆ.ಆರ್.ಎಸ್. ರಸ್ತೆಯಲ್ಲಿವೆ. ಎದೆನೋವಿನವರನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿಂದ ಮತ್ತೆ ಜಯದೇವಕ್ಕೆ ಓಡುವುದು ದಿನಾ ನಡೆಯುವ ಕಥೆ. ಮಗು ವಯಸ್ಸಿಗೆ ತಕ್ಕ ಹಾಗೆ ಮಾತಾಡುತ್ತಿಲ್ಲ, ಕಿವಿ ಕೇಳಿಸುತ್ತಿಲ್ಲ ಅನ್ನುವ ಅನುಮಾನ ಇದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಬೇರೆ ಬೇರೆ ರಾಜ್ಯಗಳಿಂದ ಅಲ್ಲಿಗೆ ಜನ ಬರುತ್ತಾರೆ, ನಮಗೆ ಪಕ್ಕದಲ್ಲೇ ಇದೆ.

ಹೊರಡುವ ಮುಂಚೆ

ಒಂದು ಪ್ಲಾಸ್ಟಿಕ್ ಫೈಲ್ ಇಟ್ಟುಕೊಳ್ಳಿ. ಹತ್ತಿಪ್ಪತ್ತು ರೂಪಾಯಿದು ಸಾಕು. ಅದರಲ್ಲಿ ರೋಗಿಯ ಆಧಾರ್, ರೇಷನ್ ಕಾರ್ಡ್, ಎರಡರದ್ದೂ ಎರಡೆರಡು ಜೆರಾಕ್ಸ್, ಹಳೆಯ ಚೀಟಿ, ಹಳೆಯ ರಿಪೋರ್ಟ್ ಇರಲಿ. ಬಸುರಿಯಾದರೆ ತಾಯಿ ಕಾರ್ಡ್. ಈಗ ನುಂಗುತ್ತಿರುವ ಮಾತ್ರೆಗಳನ್ನು ಹಾಳೆಯ ಸಮೇತ ತನ್ನಿ. "ಬೆಳ್ಳಗಿರೋ ಸಣ್ಣ ಮಾತ್ರೆ ಸಾರ್" ಅಂದರೆ ಡಾಕ್ಟರಿಗೂ ಏನೂ ತಿಳಿಯುವುದಿಲ್ಲ. ಬಿಳಿ ಬಣ್ಣದ ಸಣ್ಣ ಮಾತ್ರೆ ನೂರಾರು ಇವೆ.

ಯಾವ ಔಷಧಿ ಕೊಟ್ಟರೆ ಮೈಮೇಲೆ ಗಂಧೆ ಏಳುತ್ತದೆ, ಮುಂಚೆ ಯಾವ ಆಪರೇಷನ್ ಆಗಿದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಅದೇ ಫೈಲಿನಲ್ಲಿ ಸೇರಿಸಿ. ಸುಸ್ತಾಗಿ ಮಲಗಿದ ರೋಗಿಗೆ ಇದೆಲ್ಲ ನೆನಪಿರುವುದಿಲ್ಲ.

ಚೀಟಿ ಬರೆಸುವುದು

ಹೊರರೋಗಿಗಳನ್ನು ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ ನೋಡಲು ಶುರು ಮಾಡುತ್ತಾರೆ. ಮಧ್ಯಾಹ್ನ ಊಟದ ಬಿಡುವು. ಆಮೇಲೆ ಸಂಜೆ ನಾಲ್ಕು-ನಾಲ್ಕೂವರೆ ತನಕ. ಭಾನುವಾರ, ಸರ್ಕಾರಿ ರಜೆಗಳಲ್ಲಿ ತುರ್ತು ವಿಭಾಗ ಮಾತ್ರ. ಭಾನುವಾರದ್ದೆಲ್ಲ ಸೇರಿ ಸೋಮವಾರ ಬಾಗಿಲ ತನಕ ಜನ ಇರುತ್ತಾರೆ. ಅರ್ಜೆಂಟ್ ಇಲ್ಲದಿದ್ದರೆ ಬುಧವಾರ, ಗುರುವಾರ ಹೋಗಿ. ನಿಮ್ಮೂರಿನ ಸಂತೆ ದಿನವನ್ನೂ ಬಿಟ್ಟುಬಿಡಿ.

ಬಾಗಿಲ ಹತ್ತಿರ ಚೀಟಿ ಕೊಡುವ ಕೌಂಟರ್ ಇರುತ್ತದೆ. ಹೆಸರು, ವಯಸ್ಸು, ಊರು, ಏನು ತೊಂದರೆ ಅಂತ ಹೇಳಿ. ಇಲ್ಲಿ ಒಂದು ಮಾತು. ಆಧಾರ್‌ನಲ್ಲಿ ಇರುವ ಹೆಸರನ್ನೇ ಬರೆಸಿ. ಮನೇಲಿ ಕರೆಯೋ ಹೆಸರು ಸಣ್ಣಮ್ಮ, ಆಧಾರ್‌ನಲ್ಲಿ ಜಯಮ್ಮ ಅಂತಿದ್ದರೆ ಇವತ್ತು ಏನೂ ಆಗುವುದಿಲ್ಲ. ಮುಂದೆ ಸರ್ಕಾರದ ಚಿಕಿತ್ಸೆ ಯೋಜನೆಯ ಕೆಳಗೆ ಆಪರೇಷನ್ ಅಂತ ಬಂದಾಗ ಇಬ್ಬರೂ ಒಬ್ಬರೇ ಅಂತ ತೋರಿಸಲು ಓಡಾಡಬೇಕಾಗುತ್ತದೆ.

ಕೆಲವು ಕಡೆ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಮೊಬೈಲಿನಲ್ಲಿ ಆಭಾ ಖಾತೆ ಇದ್ದವರು ಸ್ಕ್ಯಾನ್ ಮಾಡಿದರೆ ಟೋಕನ್ ಬರುತ್ತದೆ, ಬರೆಸುವ ಸಾಲು ತಪ್ಪುತ್ತದೆ. ಆಭಾ ಅನ್ನುವುದು 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ ಅಷ್ಟೇ. ಅದು ವಿಮೆ ಅಲ್ಲ. ಐದು ಲಕ್ಷದವರೆಗಿನ ಚಿಕಿತ್ಸೆಗೆ ಇರುವ ಆಯುಷ್ಮಾನ್ ಕಾರ್ಡೇ ಬೇರೆ. ಆಭಾ ಮಾಡಿಸಿಕೊಂಡು "ನನಗೆ ಐದು ಲಕ್ಷ ಇದೆ" ಅಂದುಕೊಂಡವರು ಬಹಳ ಜನ ಇದ್ದಾರೆ.

ಡಾಕ್ಟರ ಮುಂದೆ

ಸಾಲು ದೊಡ್ಡದಿದ್ದಾಗ ಡಾಕ್ಟರ ಎದುರು ಸಿಗುವುದು ಎರಡು-ಮೂರು ನಿಮಿಷ. ಅದನ್ನು ಪೀಠಿಕೆಯಲ್ಲಿ ಕಳೆಯಬೇಡಿ. ಏನು ತೊಂದರೆ, ಯಾವತ್ತಿನಿಂದ, ಯಾವಾಗ ಜಾಸ್ತಿ ಆಗುತ್ತದೆ, ಇದಕ್ಕೆ ಈಗಾಗಲೇ ಏನು ತೆಗೆದುಕೊಂಡಿದ್ದೀರಿ: ಈ ನಾಲ್ಕು ಮೊದಲು ಹೇಳಿ. ನಾಟಿ ಔಷಧಿ ತಗೊಂಡಿದ್ದರೆ ಅದನ್ನೂ ಹೇಳಿ, ಬೈದರೆ ಬೈಸಿಕೊಳ್ಳಿ. ಕುಡಿಯುವ ಅಭ್ಯಾಸವನ್ನೂ ಮುಚ್ಚಿಡಬೇಡಿ. ಹೆಂಡತಿ-ಮಕ್ಕಳ ಎದುರು ಹೇಳಲು ಕಷ್ಟವಾದರೆ ಅವರನ್ನು ಒಂದು ನಿಮಿಷ ಹೊರಗೆ ಕಳಿಸಿ ಅಂತ ಡಾಕ್ಟರನ್ನೇ ಕೇಳಿ.

ಇನ್ನು ಸೂಜಿಯ ವಿಷಯ. "ಡಾಕ್ಟ್ರೇ, ಒಂದ್ ಇಂಜೆಕ್ಷನ್ ಹಾಕ್ಬುಡಿ, ಹೋಯ್ತೀನಿ" ಅನ್ನುವುದು ನಮ್ಮ ಕಡೆಯ ದೊಡ್ಡ ಕಾಯಿಲೆ. ಸೂಜಿ ಹಾಕದ ಡಾಕ್ಟರಿಗೆ ಕೈಗುಣ ಇಲ್ಲ ಅಂತ ತೀರ್ಮಾನವೇ ಮಾಡಿಬಿಡುತ್ತೇವೆ. ಸುಸ್ತು ಅಂತ ಬಂದವರೆಲ್ಲ ಗ್ಲೂಕೋಸ್ ಹಾಕಿಸಿ ಅನ್ನುತ್ತಾರೆ. ಬಾಯಲ್ಲಿ ಕುಡಿಯಲು ಆಗುವವರಿಗೆ ಓಆರ್‌ಎಸ್ ಪುಡಿ ನೀರಿಗೆ ಬೆರೆಸಿ ಕುಡಿದರೆ ಅದೇ ಕೆಲಸ ಆಗುತ್ತದೆ. ಡಾಕ್ಟರು ಮಾತ್ರೆ ಸಾಕು ಅಂದರೆ ಸಾಕು. ಬಲವಂತ ಮಾಡಿ ಸೂಜಿ ಹಾಕಿಸಿಕೊಳ್ಳುವುದರಲ್ಲಿ ಜಾಣತನ ಏನೂ ಇಲ್ಲ.

ರಕ್ತ ಪರೀಕ್ಷೆ, ಸ್ಕ್ಯಾನಿಂಗ್

ಖಾಲಿ ಹೊಟ್ಟೆಯ ಶುಗರ್ ಅಂದರೆ ಕಡಿಮೆ ಎಂದರೂ ಎಂಟು ಗಂಟೆ ನೀರು ಬಿಟ್ಟು ಬೇರೇನೂ ಕೂಡದು. ಕಾಫಿ ಕೂಡ ಕೂಡದು. ಊಟ ಆದಮೇಲಿನ ಪರೀಕ್ಷೆಯಲ್ಲಿ ಎಡವುವವರೇ ಜಾಸ್ತಿ. ಮೊದಲ ರಕ್ತ ಕೊಟ್ಟು, ತಿಂಡಿಗೆ ಹೋಟೆಲ್ ಹುಡುಕಿಕೊಂಡು ಹೋಗಿ, ತಡವಾಗಿ ವಾಪಸ್ ಬರುತ್ತಾರೆ. ಊಟ ಶುರು ಮಾಡಿದ ಹೊತ್ತಿನಿಂದ ಎರಡು ಗಂಟೆ ಎಣಿಸಬೇಕು. ಮನೆಯಿಂದಲೇ ಡಬ್ಬಿಯಲ್ಲಿ ಇಡ್ಲಿನೋ ಮುದ್ದೆನೋ ದಿನಾ ತಿನ್ನುವುದನ್ನೇ ತನ್ನಿ. ಆಸ್ಪತ್ರೆಯ ಜಗಲಿಯಲ್ಲಿ ಕೂತು ಮೊದಲ ತುತ್ತು ಬಾಯಿಗಿಟ್ಟ ಹೊತ್ತನ್ನು ಚೀಟಿಯ ಹಿಂದೆ ಬರೆದುಕೊಳ್ಳಿ. ಶುಗರ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಬರಬೇಡಿ, ತಿಂಡಿಯ ಹೊತ್ತಿಗೆ ತಗೊಳ್ಳಬೇಕಾ ಅಂತ ಲ್ಯಾಬಿನವರನ್ನು ಕೇಳಿ.

ಕಫ ಪರೀಕ್ಷೆಗೆ ಎಂಜಲು ಕೊಟ್ಟರೆ ಉಪಯೋಗ ಇಲ್ಲ. ಬೆಳಿಗ್ಗೆ ಎದ್ದ ತಕ್ಷಣ, ಬಾಯಿ ಮುಕ್ಕಳಿಸಿ, ಎದೆಯಿಂದ ಕೆಮ್ಮಿ ತೆಗೆದ ಕಫ ಬೇಕು. ಟಿಬಿ ಅಂತ ಬಂದರೆ ಔಷಧಿ ಪೂರ್ತಿ ಉಚಿತ. ಅದರ ಜೊತೆ ಪೌಷ್ಟಿಕ ಆಹಾರಕ್ಕೆ ಅಂತ ಚಿಕಿತ್ಸೆ ಮುಗಿಯುವ ತನಕ ತಿಂಗಳಿಗೆ ಸಾವಿರ ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮುಂಚೆ ಅದು ಐನೂರು ಇತ್ತು. ಪಾಸ್‌ಬುಕ್ ಜೆರಾಕ್ಸ್ ಕೊಡಲು ಮರೆಯಬೇಡಿ.

ರಿಪೋರ್ಟ್ ಮಧ್ಯಾಹ್ನ ಸಿಗುತ್ತದಾ, ನಾಳೆಯಾ ಅಂತ ರಕ್ತ ಕೊಡುವಾಗಲೇ ಕೇಳಿ. ಡಾಕ್ಟರು ಆಮೇಲೆ ಎಷ್ಟು ಹೊತ್ತಿನ ತನಕ ಕೂತಿರುತ್ತಾರೆ ಅಂತಲೂ ಕೇಳಿ. ರಿಪೋರ್ಟ್ ಸಿಕ್ಕು ಡಾಕ್ಟರು ಸಿಗದಿದ್ದರೆ ಆ ದಿನ ವ್ಯರ್ಥ.

ಔಷಧಿ ಕಿಟಕಿ

ಕಿಟಕಿಯ ಒಳಗಿಂದ ಮಾತ್ರೆ ಬರುವ ರೀತಿ ನೋಡಿದ್ದೀರಲ್ವಾ? ಹತ್ತರ ಹಾಳೆಯನ್ನು ಕತ್ತರಿಯಲ್ಲಿ ಕಚಕ್ ಅಂತ ಕತ್ತರಿಸಿ, ಆರೋ ಏಳೋ ಕೈಗೆ ಹಾಕುತ್ತಾರೆ. ಹೆಸರು ಒಂದು ತುಂಡಿಗೆ ಹೋಗುತ್ತದೆ, ತಾರೀಕು ಇನ್ನೊಂದು ತುಂಡಿಗೆ. ಮನೆಗೆ ಬಂದು ನೋಡಿದರೆ ಮೂರು ಥರದ ಬೆಳ್ಳಿ ಹಾಳೆ, ಯಾವುದರ ಮೇಲೂ ಪೂರ್ತಿ ಹೆಸರಿಲ್ಲ. ಅದಕ್ಕೆ ಕಿಟಕಿ ಬಿಡುವ ಮುಂಚೆ ಒಂದೊಂದನ್ನೂ ಬೇರೆ ಬೇರೆ ಕವರಿಗೆ ಹಾಕಿಸಿಕೊಳ್ಳಿ, ಅಥವಾ ಹಳೆ ಪೇಪರಿನಲ್ಲಿ ಸುತ್ತಿ ಮೇಲೆ ಬರೆದುಕೊಳ್ಳಿ. ಓದು ಬಾರದವರಿಗೆ ಸೂರ್ಯನ ಚಿತ್ರ ಬರೆದರೆ ಬೆಳಿಗ್ಗೆ, ಚಂದ್ರ ಬರೆದರೆ ರಾತ್ರಿ.

ಚೀಟಿಯಲ್ಲಿ 1-0-1 ಅಂತಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಓಡಿ (OD) ಅಂದರೆ ದಿನಕ್ಕೆ ಒಂದು ಸಲ, ಬಿಡಿ (BD) ಅಂದರೆ ಎರಡು, ಟಿಡಿಎಸ್ (TDS) ಅಂದರೆ ಮೂರು. ಎಸಿ (AC) ಅಂತಿದ್ದರೆ ಊಟಕ್ಕೆ ಮುಂಚೆ, ಪಿಸಿ (PC) ಅಂದರೆ ಊಟ ಆದಮೇಲೆ.

ಬಿಪಿ-ಶುಗರ್ ಇರುವವರು ಸಾಮಾನ್ಯ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅದಕ್ಕೇ ಎನ್‌ಸಿಡಿ ಕ್ಲಿನಿಕ್ ಅಂತ ಒಂದು ಕೋಣೆ ಇರುತ್ತದೆ. ಒಂದು ಸಲ ಹೆಸರು ಬರೆಸಿದರೆ ಪುಸ್ತಕ ಕೊಡುತ್ತಾರೆ, ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಾರೆ. 30 ವರ್ಷ ದಾಟಿದ ಯಾರಿಗೇ ಆದರೂ ಅಲ್ಲಿ ಬಿಪಿ, ಶುಗರ್ ನೋಡುತ್ತಾರೆ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಉಂಟು. ಕಡ್ಡಿಪುಡಿ, ಗುಟ್ಕಾ ಹಾಕುವವರು ಬಾಯಿ ತೋರಿಸಿಕೊಂಡು ಬನ್ನಿ.

ಮಾತ್ರೆ ಸ್ಟಾಕ್ ಇಲ್ಲ ಅಂದರೆ? "ಹೊರಗಡೆ ತಗೊಳ್ಳಿ" ಅಂದ ಕೂಡಲೇ ಎದುರಿನ ಅಂಗಡಿಗೆ ಓಡಬೇಡಿ. ಇದರ ಬದಲಿಗೆ ಇಲ್ಲೇ ಇರುವ ಬೇರೆ ಕಂಪನಿಯದು ಇದೆಯಾ ಅಂತ ಡಾಕ್ಟರ ಹತ್ತಿರ ವಾಪಸ್ ಹೋಗಿ ಕೇಳಿ. ಬಹಳ ಸಲ ಇರುತ್ತದೆ. ಕೊಳ್ಳಲೇಬೇಕಾದರೆ ಜನೌಷಧಿ ಅಂಗಡಿಯಲ್ಲಿ ನೋಡಿ.

ಚೀಟಿ ಕಾಯದ ಹೊತ್ತು

ಜೀವಕ್ಕೆ ಅಪಾಯ ಇರುವಾಗ ಚೀಟಿ, ಆಧಾರ್ ಯಾವುದೂ ಮೊದಲಲ್ಲ. ಸೀದಾ ತುರ್ತು ವಿಭಾಗಕ್ಕೆ ನಡೆಯಿರಿ, ಇನ್ನೊಬ್ಬರು ಚೀಟಿ ಬರೆಸಲಿ. 108ಕ್ಕೆ ಫೋನ್ ಮಾಡಿದಾಗ ಊರಿನ ಹೆಸರು ಒಂದೇ ಹೇಳಿದರೆ ಸಾಲದು. ನಮ್ಮ ಜಿಲ್ಲೆಯಲ್ಲಿ ಒಂದೇ ಹೆಸರಿನ ಊರು, ಕೊಪ್ಪಲು ಬೇಕಾದಷ್ಟಿವೆ. ಹೋಬಳಿ, ತಾಲ್ಲೂಕು, ಹಾಲಿನ ಡೈರಿನೋ ಅರಳಿಕಟ್ಟೆನೋ ಏನಾದರೊಂದು ಗುರುತು ಹೇಳಿ. ಒಬ್ಬರು ರಸ್ತೆಗೆ ಬಂದು ನಿಂತಿರಲಿ.

ಹಾವು ಕಡಿದರೆ. ಕಬ್ಬು, ಭತ್ತದ ಗದ್ದೆಯ ನಡುವೆ ಇರುವ ನಮಗೆ ಇದು ಬೇರೆಯವರಿಗಿಂತ ಹೆಚ್ಚು ಗೊತ್ತಿರಬೇಕು. ಕಡಿದ ಜಾಗಕ್ಕೆ ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಡಗ, ಕಾಲುಂಗುರ ತಕ್ಷಣ ತೆಗೆಯಿರಿ. ಊತ ಬಂದಮೇಲೆ ಅವು ಬರುವುದಿಲ್ಲ. ಕೈಯೋ ಕಾಲೋ ಅಲುಗದ ಹಾಗೆ ಇಟ್ಟು, ನಡೆಸದೆ ಕರೆತನ್ನಿ. ಕಡಿದ ಹೊತ್ತು ನೆನಪಿಡಿ. ಹಾವನ್ನು ಹೊಡೆದು ಚೀಲದಲ್ಲಿ ತರುವ ಸಾಹಸ ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಕೊಡುವ ಪ್ರತಿವಿಷ ಒಂದೇ. ಕೆಲವು ಸಲ ಬಂದ ಕೂಡಲೇ ಪ್ರತಿವಿಷ ಕೊಡುವುದಿಲ್ಲ. ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಗೆ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ಕೊಳವೆ ಬಗ್ಗಿಸಿದಾಗ ರಕ್ತ ಗಟ್ಟಿಯಾಗದೆ ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ ಅಂತ ಅರ್ಥ. "ಸುಮ್ನೆ ಕೂರಿಸಿದ್ದಾರೆ" ಅಂತ ಗಲಾಟೆ ಮಾಡುವ ಮುಂಚೆ ಇದು ತಿಳಿದಿರಲಿ. ಕಟ್ಟುಹಾವಿನ ವಿಷಯ ಇನ್ನೂ ಮೋಸ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಡಿಯುತ್ತದೆ, ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಬಿಡಲಾಗದ ಹಾಗೆ ಕಣ್ಣು ಮುಚ್ಚಿಕೊಳ್ಳುವುದು ಕಂಡರೆ ಒಡನೆ ಹೊರಡಿ. ಮಂತ್ರ ಹಾಕಿಸುವುದಿದ್ದರೆ ವಾಸಿಯಾಗಿ ಮನೆಗೆ ಬಂದಮೇಲೆ ಹಾಕಿಸಿ.

ನಾಯಿ ಕಚ್ಚಿದರೆ ಆಸ್ಪತ್ರೆಗೂ ಮುಂಚೆ ಮನೆಯ ನಲ್ಲಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಆಮೇಲೆ ಲಸಿಕೆ. ಚರ್ಮಕ್ಕೆ ಕೊಡುವ ಪದ್ಧತಿಯಾದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ತೋಳಿನ ಸ್ನಾಯುವಿಗೆ ಕೊಡುವುದಾದರೆ 14ನೇ ದಿನ ಇನ್ನೊಂದು ಸೇರುತ್ತದೆ. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆ ಒಂದೇ ಸಾಲದು, ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಚುಚ್ಚಬೇಕು. ಅದು ಸಣ್ಣ ಕೇಂದ್ರದಲ್ಲಿ ಇರದಿದ್ದರೆ ಎಲ್ಲಿದೆ ಅಂತ ಕೇಳಿ, ಅವತ್ತೇ ಅಲ್ಲಿಗೆ ಹೋಗಿ. ನಾಯಿ ಚೆನ್ನಾಗಿಯೇ ಓಡಾಡುತ್ತಿದೆ ಅಂತ ಎರಡನೆಯ ಸೂಜಿ ಬಿಡುವವರು ಇದ್ದಾರೆ. ಡಾಕ್ಟರನ್ನು ಕೇಳದೆ ಬಿಡಬೇಡಿ. ರೇಬೀಸ್ ಬಂದಮೇಲೆ ಅದಕ್ಕೆ ಮದ್ದಿಲ್ಲ.

ಎದೆನೋವು ಬಂದರೆ ಗ್ಯಾಸ್ ಅಂತ ಸೋಡಾ ಕುಡಿಸಿ ಮಲಗಿಸುವುದನ್ನು ಇನ್ನಾದರೂ ಬಿಡೋಣ. ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡು ಬಂದರೆ, ನೋವು ದವಡೆಗೋ ಎಡಗೈಗೋ ಇಳಿದರೆ, ಮೊದಲು ಬೇಕಾದ್ದು ಒಂದು ಇಸಿಜಿ. ಅದಕ್ಕೆ ಮೈಸೂರಿನ ತನಕ ಹೋಗಬೇಕಾಗಿಲ್ಲ. 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಶುರುವಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದಯ ತಜ್ಞರು ಕೂತಲ್ಲೇ ನೋಡಿ ಹೇಳುತ್ತಾರೆ. ಹೃದಯಾಘಾತವೇ ಆಗಿದ್ದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ, ಇಲ್ಲಿ ಉಚಿತ. ಅದಾದ ಮೇಲೆ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ. ಪಾರ್ಶ್ವವಾಯುವಿನ ಮಾತು ಬೇರೆ. ಬಾಯಿ ಸೊಟ್ಟಗಾಗಿ, ಕೈ ಬಿದ್ದು, ಮಾತು ತೊದಲಿದರೆ ಸಿಟಿ ಸ್ಕ್ಯಾನ್ ಇರುವ ಕಡೆಗೇ ಹೋಗಬೇಕು. ಗಡ್ಡೆ ಕರಗಿಸಲು ಇರುವ ಅವಕಾಶ ನಾಲ್ಕೂವರೆ ಗಂಟೆ.

ಗದ್ದೆಗೆ ಹೊಡೆಯುವ ಔಷಧಿ ಕುಡಿದವರನ್ನು ಕರೆತರುವಾಗ ಡಬ್ಬಿಯನ್ನೂ ತನ್ನಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಪೊಲೀಸ್ ಕೇಸ್ ಆಗುತ್ತದೆ ಅಂತ "ಏನೋ ತಿಂದುಬಿಟ್ಟ" ಅಂತ ಸುಳ್ಳು ಹೇಳಿದರೆ ಚಿಕಿತ್ಸೆ ತಪ್ಪುತ್ತದೆ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಅಂತ ಬರೆದು ಠಾಣೆಗೆ ತಿಳಿಸುವುದು ಅವರ ಕರ್ತವ್ಯ. ಮನನೊಂದು ಹಾಗೆ ಮಾಡಿಕೊಂಡವರನ್ನು ಶಿಕ್ಷಿಸುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಬದುಕಿ ಬಂದಮೇಲೆ ಅವರ ಹತ್ತಿರ ಕೂತು ಮಾತಾಡಿ. 14416 ಟೆಲಿ ಮಾನಸ್‌ಗೆ ಕನ್ನಡದಲ್ಲೇ ಕರೆ ಮಾಡಬಹುದು, ದುಡ್ಡು ಬೇಕಿಲ್ಲ.

ಹೆದ್ದಾರಿಯಲ್ಲಿ ಅಪಘಾತ ನೋಡಿ ಯಾರನ್ನೋ ಎತ್ತಿಕೊಂಡು ಬಂದಿರಾ? ಹೆಸರು, ವಿಳಾಸ ಕೊಡಲೇಬೇಕು ಅಂತ ನಿಮ್ಮನ್ನು ಹಿಡಿದು ಕೂರಿಸುವಂತಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲೇ ಅದು ಬರೆದಿದೆ.

ಅಡ್ಮಿಟ್ ಆದರೆ

ಬೆಡ್‌ಶೀಟ್, ಲೋಟ, ತಟ್ಟೆ, ಫ್ಲಾಸ್ಕ್, ಬಕೆಟ್, ಜೊತೆಗಿರುವವರಿಗೆ ಒಂದು ಚಾಪೆ. ರೋಗಿಯ ಊಟ ಆಸ್ಪತ್ರೆಯದೇ. "ಯಾರವ್ವಾ ಜೊತೇಲಿರೋರು?" ಅಂತ ಸಿಸ್ಟರ್ ಕೂಗಿದಾಗ ಓಗೊಡಲು ಒಬ್ಬರು ಇರಬೇಕು, ಒಬ್ಬರೇ ಇರಬೇಕು. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರಿಗೆ ಬಿಡುವುದಿಲ್ಲ, ಅದಕ್ಕೆ ಜಗಳ ಬೇಡ. ನೋಡಲು ಬರುವ ನೆಂಟರ ದಂಡು ಮಾತ್ರ ಕಷ್ಟ. ಎಳನೀರು ಹಿಡಿದು ಹತ್ತು ಜನ ಹಾಸಿಗೆ ಸುತ್ತ ನಿಂತರೆ ರೋಗಿಗೆ ಗಾಳಿಯೂ ಇಲ್ಲ, ಪಕ್ಕದ ಹಾಸಿಗೆಯವರಿಗೆ ನಿದ್ದೆಯೂ ಇಲ್ಲ.

ಡಿಸ್ಚಾರ್ಜ್ ಕಾಗದ ಕೈಗೆ ಬರುವ ತನಕ ಹೊರಡಬೇಡಿ. ಹೆಸರು, ವಯಸ್ಸು, ಏನು ಕಾಯಿಲೆ, ಮುಂದೆ ಯಾವ ಮಾತ್ರೆ, ಮತ್ತೆ ಯಾವತ್ತು ಬರಬೇಕು ಅನ್ನುವುದು ಅದರಲ್ಲಿ ಇದೆಯಾ ನೋಡಿ. ಡಾಕ್ಟರು ಬೇಡ ಅಂದರೂ ಹಠ ಮಾಡಿ ಹೊರಟರೆ ಸಹಿ ಹಾಕಿಸಿಕೊಂಡೇ ಬಿಡುತ್ತಾರೆ. ಹಬ್ಬಕ್ಕೆ ಮನೇಲಿರಬೇಕು ಅನ್ನುವ ಕಾರಣಕ್ಕೆ ಹಾಗೆ ಸಹಿ ಹಾಕಬೇಡಿ.

ಹೆರಿಗೆ

ಬಸುರಿ ಅಂತ ಗೊತ್ತಾದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಿ. ಪ್ರತಿ ತಿಂಗಳ 9ನೇ ತಾರೀಕು ಬಸುರಿಯರಿಗೇ ಮೀಸಲಾದ ತಪಾಸಣೆ ದಿನ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ನಡೆಯುತ್ತಿದೆ. ಅದರಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲ ಉಚಿತ. ಊಟವನ್ನು ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ ಕೊಡಬೇಕು. ಮನೆಗೆ ಬಿಡಲು ನಗು-ಮಗು ವಾಹನ ಇದೆ, ಇದೆಯಾ ಅಂತ ಕೇಳಿದರೆ ಮಾತ್ರ ಸಿಗುತ್ತದೆ. ಬಿಪಿಎಲ್, ಪರಿಶಿಷ್ಟ ಜಾತಿ-ಪಂಗಡದ ತಾಯಂದಿರಿಗೆ ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯವರಿಗೆ 700, ಪಟ್ಟಣದವರಿಗೆ 600 ರೂಪಾಯಿ ಖಾತೆಗೆ ಬರುತ್ತದೆ.

ಹೆಂಗಸರ ವಾರ್ಡುಗಳಲ್ಲಿ ಒಂದು ಹಳೆಯ ಚಾಳಿ ಉಂಟು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದವರು "ಗಂಡು ಮಗು ಕಣಣ್ಣ, ಖುಷಿಗೆ ಏನಾದ್ರೂ ಕೊಡಿ" ಅನ್ನುತ್ತಾರೆ. ಖುಷಿ ಅನ್ನುವ ಹೆಸರಿನಲ್ಲಿ ಕೇಳುವ ಲಂಚ ಅದು. ಸಿಹಿ ಹಂಚಬೇಕು ಅನಿಸಿದರೆ ಹಂಚಿ, ದುಡ್ಡು ಕೊಡಬೇಡಿ. ಒತ್ತಾಯ ಮಾಡಿದರೆ ಆಡಳಿತ ವೈದ್ಯಾಧಿಕಾರಿಯ ಕೋಣೆ ಎಲ್ಲಿದೆ ಅಂತ ಜೋರಾಗಿ ಕೇಳಿ, ಬಹಳ ಸಲ ಅಷ್ಟರಲ್ಲೇ ಮುಗಿಯುತ್ತದೆ. ಬಾಯಿಮಾತಿಗೆ ಬಗ್ಗದಿದ್ದರೆ ತಾರೀಕು, ಹೊತ್ತು, ವಾರ್ಡು ಬರೆದು ಲಿಖಿತ ದೂರು ಕೊಡಿ. ಅದಕ್ಕೂ ಮೇಲೆ ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ, ಲೋಕಾಯುಕ್ತ ಇದ್ದಾರೆ. 104ಕ್ಕೆ ಫೋನ್ ಮಾಡಿಯೂ ದೂರು ಹೇಳಬಹುದು.

ಇಲ್ಲಿ ಆಗಲ್ಲ ಅಂದರೆ: ರೆಫರಲ್ ಕಾಗದ

ಇಷ್ಟೆಲ್ಲ ಹೇಳಿದ್ದರಲ್ಲಿ ದುಡ್ಡು ಉಳಿಸುವ ಜಾಗ ಇದು. ಬೈಪಾಸ್, ಮಂಡಿಚಿಪ್ಪು, ಕ್ಯಾನ್ಸರ್, ಮೂತ್ರಪಿಂಡದ ದೊಡ್ಡ ಚಿಕಿತ್ಸೆಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಎಪಿಎಲ್‌ನವರಿಗೆ ಯೋಜನೆಯ ದರದಲ್ಲಿ ಶೇ. 30ರಷ್ಟು, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ಐದು ಲಕ್ಷ ಅನ್ನುವುದು ತಲೆಗಲ್ಲ, ಇಡೀ ಮನೆಗೆ.

ಜನ ಎಡವುವುದು ಎಲ್ಲಿ ಅಂದರೆ, ಮೊದಲು ಖಾಸಗಿ ಆಸ್ಪತ್ರೆಗೆ ಸೇರಿ, ಬಿಲ್ ಏರಿದ ಮೇಲೆ ಕಾರ್ಡ್ ತೆಗೆಯುತ್ತಾರೆ. ತುರ್ತು ಅಲ್ಲದ ಚಿಕಿತ್ಸೆಗೆ ಈ ಕ್ರಮ ನಡೆಯುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಡಾಕ್ಟರು ರೆಫರಲ್ ಬರೆದುಕೊಡುತ್ತಾರೆ. ಅದನ್ನು ಹಿಡಿದು ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋಗಬೇಕು. ನಿಜವಾದ ತುರ್ತಿಗೆ ರೆಫರಲ್ ಬೇಕಿಲ್ಲ. ಕಾರ್ಡ್ ಮಾಡಿಸಿಲ್ಲದಿದ್ದರೆ ರೇಷನ್ ಕಾರ್ಡ್, ಆಧಾರ್ ಇದ್ದರೂ ಆಗುತ್ತದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ. ಅಡ್ವಾನ್ಸ್ ಕಟ್ಟುವ ಮುಂಚೆ ಅವರನ್ನು ಹುಡುಕಿ ಮಾತಾಡಿ. ಕಟ್ಟಿದ ದುಡ್ಡು ವಾಪಸ್ ತರಿಸುವುದು ಬೇರೆಯೇ ಯುದ್ಧ.

ರೆಫರಲ್ ಕಾಗದ ಕೈಗೆ ಬಂದಾಗ ಮೂರು ವಿಷಯ ಅಲ್ಲೇ ನಿಂತು ನೋಡಿ. ಹೆಸರು ಆಧಾರ್‌ನಂತೆ ಇದೆಯಾ. ಯಾವ ಚಿಕಿತ್ಸೆಗೆ ಅಂತ ಬರೆದಿದ್ದಾರಾ. ಸಹಿ, ಮೊಹರು, ತಾರೀಕು ಇದೆಯಾ. ಮೊಹರು ಇಲ್ಲ ಅಂತ ಮೈಸೂರಿನಿಂದ ಮಳವಳ್ಳಿಗೆ ವಾಪಸ್ ಬಂದವರಿದ್ದಾರೆ. ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ ನಿಜ, ದಿನದ ಕೂಲಿ ಹೋಗುತ್ತಲ್ಲ.

ಹಾಲಿನ ಸೊಸೈಟಿಗೋ ವ್ಯವಸಾಯ ಸಹಕಾರ ಸಂಘಕ್ಕೋ ಸದಸ್ಯರಾಗಿರುವವರಿಗೆ ಯಶಸ್ವಿನಿ ಯೋಜನೆಯೂ ಇದೆ. 2003ರಲ್ಲಿ ಶುರುವಾಗಿದ್ದು, ನಡುವೆ ನಿಂತು, ಮತ್ತೆ ಬಂದಿದೆ. ವರ್ಷ ವರ್ಷ ಹೆಸರು ನವೀಕರಿಸಬೇಕು. ಕಾಯಿಲೆ ಬಂದಮೇಲೆ ಸೊಸೈಟಿಗೆ ಓಡಿದರೆ ಆಗುವುದಿಲ್ಲ. ಕಾರ್ಯದರ್ಶಿ ಯಾವಾಗ ಹಣ ಕಟ್ಟಿಸಿಕೊಳ್ಳುತ್ತಾರೆ ಅಂತ ಡೈರಿಗೆ ಹಾಲು ಹಾಕುವಾಗಲೇ ಕೇಳಿಡಿ.

ಉಳಿದ ಕಾಗದಗಳು

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ವಿವರ ಅಲ್ಲಿಂದಲೇ ನೋಂದಣಿಗೆ ಹೋಗುತ್ತದೆ. 21 ದಿನದ ಒಳಗೆ ಅದು ಆಗಬೇಕು. ಡಿಸ್ಚಾರ್ಜ್ ದಿನ ಅಪ್ಪ-ಅಮ್ಮನ ಹೆಸರಿನ ಕಾಗುಣಿತ ಸರಿ ಇದೆಯಾ ಅಂತ ರಿಜಿಸ್ಟರಿನಲ್ಲೇ ನೋಡಿಬಿಡಿ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ ಅಂತ ಚಿಂತೆ ಬೇಡ, ಒಂದು ವರ್ಷದ ಒಳಗೆ ಶುಲ್ಕ ಇಲ್ಲದೆ ಸೇರಿಸಬಹುದು. ಸಾವಿನ ನೋಂದಣಿಗೂ ಅದೇ 21 ದಿನ. ಮನೆಯಲ್ಲೇ ತೀರಿಕೊಂಡರೆ ನೋಂದಣಿ ಮಾಡಿಸುವುದು ಮನೆಯವರ ಜವಾಬ್ದಾರಿ. ತಿಥಿ ಮುಗಿಯಲಿ ಅಂತ ಬಿಟ್ಟರೆ ಪೌತಿ ಖಾತೆ, ಪಿಂಚಣಿ, ವಿಮೆ ಎಲ್ಲ ನಿಲ್ಲುತ್ತದೆ.

ಅಂಗವಿಕಲರ ಯುಡಿಐಡಿ ಕಾರ್ಡಿಗೆ ಮೊದಲು ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು, ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ತಪಾಸಣೆ ದಿನ ಯಾವುದು, ಆ ತೊಂದರೆಯ ತಜ್ಞರು ಅವತ್ತು ಇರುತ್ತಾರಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ನಡೆಯಲಾಗದವರನ್ನು ಆಟೊದಲ್ಲಿ ಕೂರಿಸಿಕೊಂಡು ಬಂದು "ಮುಂದಿನ ವಾರ ಬನ್ನಿ" ಅನ್ನಿಸಿಕೊಳ್ಳುವುದು ಬೇಡ.